ಮಾದಮ್ಮನ ಗೋಡೆ

ಹೋದ ತಿಂಗಳು ನಮ್ಮ ಐದನೇ ಕ್ಲಾಸಿನ ಹುಡುಗಿ ಚಿಕ್ಕತಾಯಿ, ಕಾವೇರಿ ಎಲ್ಲಿ ಹುಟ್ಟುತ್ತಾಳೆ ಎಂಬುದು ಗೊತ್ತಿಲ್ಲದೆ ಬದುಕಿಕೊಂಡಳು.

ತಮಾಷೆ ಮಾಡುತ್ತಿಲ್ಲ. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದವಳನ್ನು ಎಬ್ಬಿಸಿ ಕೇಳಿದೆ. ತಲೆ ತಗ್ಗಿಸಿದಳು. ಸರಿ, ಮ್ಯಾಪಿನಲ್ಲಿ ಹುಡುಕು ಬಾ ಎಂದು ಮುಂದಕ್ಕೆ ಕರೆದೆ. ನಾಲ್ಕು ಹೆಜ್ಜೆ ಇಟ್ಟಿರಬೇಕು, ಹಿಂದೆ ಧಡಾರ್ ಎಂದು ಸದ್ದಾಯಿತು. ಗೋಡೆಯ ಮೇಲಿದ್ದ ಪುಸ್ತಕದ ಶೆಲ್ಫು, ಒಂದು ಬುಟ್ಟಿ ಮಣ್ಣಿನ ಸಮೇತ, ಅವಳು ಕೂತಿದ್ದ ಜಾಗದಲ್ಲೇ ಬಿದ್ದಿತ್ತು. ಸ್ಲೇಟು ಮೂರು ಚೂರು.

ಅವಳು ಸ್ಲೇಟು ನೋಡಿ ಅತ್ತಳು. ನಾನು ಕುರ್ಚಿ ಹಿಡಿದು ಕೂತೆ. ಆ ಶೆಲ್ಫನ್ನು ಹಟ ಮಾಡಿ ಅಲ್ಲಿ ಹೊಡೆಸಿದವಳು ನಾನೇ.

ನನ್ನ ಸ್ಕೂಲು ನಿಮಗೆ ಗೊತ್ತಲ್ಲ? ಹನೂರಿನಲ್ಲಿ ಮಾರ್ಟಳ್ಳಿ ಬಸ್ಸು ಹತ್ತಿ ಅರ್ಧ ದಾರಿಯಲ್ಲಿ ಇಳಿದುಕೊಳ್ಳುವ ಹಳ್ಳಿ. (ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ನಮ್ಮ ಬೋರ್ಡಿನಲ್ಲಿ ಇನ್ನೂ ಮೈಸೂರೇ. ಪೇಂಟರ್ ಬಂದಿಲ್ಲ.) ಮಣ್ಣಿನ ಗೋಡೆ, ಮಣ್ಣಿನ ನೆಲ, ಮೇಲೆ ನಾಡಹೆಂಚು. ಆ ನೆಲದ ಮೇಲೆ ಪುಸ್ತಕ ಇಡುವುದೂ ಒಂದೇ, ಗೆದ್ದಲಿಗೆ ಎಲೆ ಹಾಕಿ ಬಡಿಸುವುದೂ ಒಂದೇ. ಹಿಂದೊಮ್ಮೆ ಮರದ ಪೆಟ್ಟಿಗೆಯಲ್ಲಿ ಬಂದ ಕಥೆಪುಸ್ತಕಗಳನ್ನು ಬೇಸಿಗೆ ರಜೆ ಕಳೆದು ತೆರೆದರೆ ರಟ್ಟು ಮಾತ್ರ ಉಳಿದಿತ್ತು. ಒಳಗೆಲ್ಲ ಮಣ್ಣು.

ಅದಕ್ಕೇ ಈ ಸಲ ಕೊಳ್ಳೇಗಾಲದಿಂದ ಬಸ್ಸಿನ ಟಾಪ್ ಮೇಲೆ ಹೊಸ ಪುಸ್ತಕ ತಂದಾಗ ತೀರ್ಮಾನ ಮಾಡಿದ್ದೆ, ಇವು ಗೋಡೆ ಹತ್ತಬೇಕು ಅಂತ. (ಗೆದ್ದಲು ಗೋಡೆಯನ್ನೂ ಹತ್ತುತ್ತದೆ, ನಿಜ. ಆದರೆ ಹತ್ತುವುದು ಕಣ್ಣಿಗೆ ಕಾಣುತ್ತದೆ, ಒರೆಸಬಹುದು.) ಊರಿನ ಬಡಗಿ ನಂಜುಂಡಾಚಾರಿ ಒಳ್ಳೇ ಮರ ತಂದು, ಗೇಣುದ್ದದ ಮೊಳೆ ಹೊಡೆದು ಶೆಲ್ಫು ನಿಲ್ಲಿಸಿದ. ಮಕ್ಕಳು ಪುಸ್ತಕ ಮನೆಗೆ ಒಯ್ಯತೊಡಗಿದರು. ಹತ್ತನೇ ದಿನ ಬಿತ್ತು.

ಪುಸ್ತಕ ಮುಖ್ಯವೋ ಮಕ್ಕಳ ತಲೆ ಮುಖ್ಯವೋ ಎಂದು ಹೆಡ್‌ಮಾಸ್ಟರು ಕೇಳಿದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಪುಸ್ತಕಗಳೆಲ್ಲ ತಗಡಿನ ಟ್ರಂಕು ಸೇರಿದವು. ಬೀಗದ ಕೈ ಅವರ ಜೇಬು ಸೇರಿತು. ಸಂಜೆ ಬೆಲ್ಲು ಹೊಡೆದ ಮೇಲೂ ನಾಲ್ಕೈದು ಮಕ್ಕಳು ಟ್ರಂಕಿನ ಮುಂದೆ ಸುಮ್ಮನೆ ನಿಂತು ಹೋಗುತ್ತಿದ್ದರು. ಅದನ್ನು ಎಷ್ಟು ದಿನ ನೋಡುವುದು?

ಇನ್ನೊಂದು ಅವಕಾಶ ಕೊಡಿ ಎಂದು ಬೇಡಿದೆ. ಬರೆದುಕೊಡಿ ಎಂದರು. ಮತ್ತೆ ಬಿದ್ದರೆ ಹೊಣೆ ನನ್ನದು, ಮೇಲಿನವರು ಏನು ಕ್ರಮ ತೆಗೆದುಕೊಂಡರೂ ಒಪ್ಪಿಗೆ. ಬರೆದು ಸೈನ್ ಮಾಡಿದೆ. (ನಮ್ಮ ಯಜಮಾನರಿಗೆ ಈ ಅಂಕಣ ಓದಿದಾಗಲೇ ಗೊತ್ತಾಗುವುದು.)

ಬರೆದುಕೊಟ್ಟಿದ್ದೇನೋ ಆಯಿತು. ಆದರೆ ಹೊಡೆಯುವುದು ಹೇಗೆ? ಆಚಾರಿ ಗೋಡೆಯನ್ನು ಬೈದ. ನಾನು ಮೊಳೆಯನ್ನು ಬೈದೆ. ಆಗ ನಮ್ಮಿಬ್ಬರ ಹಿಂದೆ ಮಾದಮ್ಮ ಬಂದು ನಿಂತಳು. ಮಕ್ಕಳಿಗೆ ಮಧ್ಯಾಹ್ನದ ಉಪ್ಪಿಟ್ಟು ಮಾಡುವವಳು. ಮಾತು ಕಮ್ಮಿ. ಗೋಡೆಯಲ್ಲಿ ಬಿದ್ದಿದ್ದ ತೂತುಗಳನ್ನು ನೋಡಿ ಹೇಳಿದಳು:

"ಅಲ್ಲಿ ಗ್ವಾಡೆನೇ ಇಲ್ಲ ಕಣವ್ವ. ಮದ್ಲು ಕಿಟಕಿ ಇತ್ತು. ಮುಚ್ಚಿದೋಳು ನಾನೇಯ."

ಆಚಾರಿ ಉಳಿ ಕೆಳಗಿಟ್ಟ.

ಮದುವೆಯಾಗಿ ಬಂದ ಹೊಸದರಲ್ಲಿ ಈ ಸ್ಕೂಲಿಗೆ ಮಣ್ಣು ತುಳಿದವಳು, ಹೊತ್ತವಳು ಅವಳಂತೆ. ಮಳೆಯ ಎರಚಲು ಒಳಗೆ ಬರುತ್ತದೆಂದು ಆಮೇಲೆ ಆ ಕಿಟಕಿ ಮುಚ್ಚಿಸಿದರಂತೆ. ಒಡೆದ ಹೆಂಚು, ಪುಡಿಮಣ್ಣು ತುಂಬಿ ಮೇಲೆ ಸಾರಿಸಿದ್ದಾರೆ, ಅಷ್ಟೆ. ನಾವು ಆ ಹೆಂಚಿನ ಚೂರಿಗೆ ಮೊಳೆ ಹೊಡೆದು ಪುಸ್ತಕ ಪೇರಿಸಿದ್ದೆವು.

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸ್ವಲ್ಪ ಸಿಟ್ಟಿನಲ್ಲೇ ಕೇಳಿದೆ.

"ಯಾರೂ ಕೇಳ್ನಿಲ್ವಲ್ಲವ್ವ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಆಮೇಲೆ ಗೋಡೆಯುದ್ದಕ್ಕೂ ಬೆರಳ ಗೆಣ್ಣಿನಿಂದ ತಟ್ಟುತ್ತಾ, ಕಿವಿ ಇಡುತ್ತಾ ಹೋದಳು. ಬಾಗಿಲಿನಿಂದ ಎರಡು ಮಾರು ಆಚೆ ನಿಂತು, ಇಲ್ಲಿ ಕೆಳಗೆ ಸಾಲಾಗಿ ಕಟ್ಟಿದ ಕಲ್ಲಿನ ವರಸೆ, ಅದರ ಮೇಲೆ ಗಟ್ಟಿ ಮಣ್ಣಿದೆ ಎಂದು ಇದ್ದಿಲಿನಲ್ಲಿ ಗುರುತು ಹಾಕಿದಳು. ಮೊಳೆ ಬೇಡವೇ ಬೇಡ ಎಂದಳು. ಗೋಡೆಯಲ್ಲಿ ಮೂರು ಕಡೆ ಆಚೆ ಬದಿಯವರೆಗೂ ತೂತು ಕೊರೆಯಬೇಕು. ಹಲಗೆ ಹೊರಲು ಗಟ್ಟಿಮರದ ತೋಳು ತೂರಿಸಿ, ಆಚೆ ಬದಿಗೆ ಅಡ್ಡ ಬೆಣೆ ಹೊಡೆಯಬೇಕು. ಆಗ ಭಾರವನ್ನು ಇಡೀ ಗೋಡೆ ಹೊರುತ್ತದೆ. ಅವಳ ಮನೆಯಲ್ಲಿ ರಾಗಿ ಗಡಿಗೆಗಳ ಅಟ್ಟ ನಿಂತಿರುವುದು ಹಾಗೆಯೇ ಅಂತೆ.

ಉಪ್ಪಿಟ್ಟು ತಿರುವುವವಳು ನನಗೆ ಹೇಳಿಕೊಡೋದಾ ಎಂದು ಆಚಾರಿ ಗೊಣಗಿದ.

"ಮರ ನಿಂದು, ಗ್ವಾಡೆ ನಂದು. ನಿನ್ ಕೆಲ್ಸ ನೀ ಮಾಡು ಆಚಾರಪ್ಪ."

ಮಾಡಿದ. ಚೆನ್ನಾಗಿಯೇ ಮಾಡಿದ. ಗೆದ್ದಲು ಹತ್ತದಿರಲೆಂದು ಬಸ್ಸಿನವರ ಹತ್ತಿರ ಹಳೇ ಇಂಜಿನ್ ಆಯಿಲ್ ಇಸಿದುಕೊಂಡು ತೋಳುಗಳಿಗೆ ಬಳಿದ. ಸಂದಿಗೆ ಹುಲ್ಲು ಕಲಸಿದ ಮಣ್ಣನ್ನು ಮಾದಮ್ಮ ತಾನೇ ಮೆತ್ತಿದಳು. ಎಂಟು ದಿನ ಯಾರೂ ಮುಟ್ಟಕೂಡದು ಎಂದು ಆರ್ಡರ್ ಮಾಡಿದಳು. ಆರ್ಡರ್ ಎಂದರೆ ಆರ್ಡರೇ. ಹೆಡ್‌ಮಾಸ್ಟರೂ ಮುಟ್ಟಲಿಲ್ಲ. ಆ ಎಂಟು ದಿನ ನನಗೆ ಊಟ ರುಚಿಸಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಒಂಬತ್ತನೇ ದಿನ ಬೆಳಿಗ್ಗೆ ಮಕ್ಕಳನ್ನು ಹೊರಗೆ ನಿಲ್ಲಿಸಿ ಪರೀಕ್ಷೆ. ಹೆಡ್‌ಮಾಸ್ಟರು ಎರಡು ಕೈಯಲ್ಲೂ ಹಲಗೆಯನ್ನು ಜಗ್ಗಿದರು. ಕದಲಲಿಲ್ಲ. ಆದರೂ ಅವರ ಮುಖದಲ್ಲಿ ಅನುಮಾನ ಹೋಗಲಿಲ್ಲ. ಪುಸ್ತಕದ ಭಾರ ಬೇರೆ ಎಂದರು. ಮಾದಮ್ಮ ಕೈ ಒರೆಸಿಕೊಂಡು ಬಂದಳು. ಸೆರಗು ಸಿಕ್ಕಿಸಿದಳು. ಸ್ಟೂಲು ಹತ್ತಿ, ಹಲಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕಾಲಿನಿಂದ ಸ್ಟೂಲನ್ನು ಆಚೆಗೆ ಒದ್ದಳು.

ನೇತಾಡಿದಳು. ಐವತ್ತರ ಹತ್ತಿರದ ಹೆಂಗಸು, ಎಲ್ಲರ ಮುಂದೆ, ನಿಧಾನವಾಗಿ.

"ಸಾಕಾ ಸಾ?"

ಗೋಡೆಯಿಂದ ಒಂದು ಚಿಟಿಕೆ ಮಣ್ಣೂ ಉದುರಲಿಲ್ಲ. ಹೆಡ್‌ಮಾಸ್ಟರು ಸಾಕು, ಇಳಿಯಮ್ಮ ಎಂದು ತಾವೇ ಸ್ಟೂಲು ಎತ್ತಿ ತಂದು ಇಟ್ಟರು. ಜೇಬಿನಿಂದ ಬೀಗದ ಕೈ ತೆಗೆದು ನನ್ನ ಕಡೆಗೆ ಚಾಚಿದವರು, ಏನನ್ನಿಸಿತೋ, ಅವಳ ಕೈಗೆ ಕೊಟ್ಟರು. ಹೊರಗೆ ಮಕ್ಕಳ ಗಲಾಟೆಗೆ ಹೆಂಚು ಹಾರಿಹೋಗಬೇಕಿತ್ತು. ಆಚಾರಿ ಮೀಸೆಯಲ್ಲೇ ನಗುತ್ತಾ ಹೇಳಿದ: "ನಾನು ಮರ ನೋಡ್ದೆ ಟೀಚರಮ್ಮ, ಗ್ವಾಡೆ ನೋಡ್ನಿಲ್ಲ."

ಅವನೊಬ್ಬನೇ ಏನು? ನಾವೆಲ್ಲ ಹೊಡೆಯುವ ಮೊಳೆಯನ್ನೇ ನೋಡುತ್ತೇವೆ. ಈಗ ಪುಸ್ತಕಗಳು ಶೆಲ್ಫಿನಲ್ಲಿವೆ. ಮೊದಲನೆಯದನ್ನು ಮನೆಗೆ ಒಯ್ದವಳು ಚಿಕ್ಕತಾಯಿ. ಗೋಡೆಯ ಆಚೆ ಬದಿಗೆ ಚಾಚಿಕೊಂಡಿರುವ ಮೂರು ಬೆಣೆಗಳಿಗೆ ಮಕ್ಕಳು ಚೀಲ ನೇತುಹಾಕುತ್ತಾರೆ. ಬೇಡ ಎಂದು ನಾನೂ ಹೇಳಿಲ್ಲ, ಹೆಡ್‌ಮಾಸ್ಟರೂ ಹೇಳಿಲ್ಲ. ಗೋಡೆ ತಡೆಯುತ್ತದೆ, ಗೊತ್ತು.

ನೀವು ಓದುತ್ತಾ ಒರಗಿ ಕೂತಿದ್ದೀರಲ್ಲ, ಆ ಗೋಡೆಗೆ ಮಣ್ಣು ಹೊತ್ತವರು ಯಾರು, ಗೊತ್ತೇ?