ಪೂಜೆಗಿಟ್ಟ ಟೇಪು

ಶೇಖರಪ್ಪನವರಿಗೆ ಆಗ ಅರವತ್ತು ದಾಟಿತ್ತು. ಪೀಣ್ಯದಲ್ಲಿ ತಗಡು ಚಾವಣಿಯ ಶೆಡ್ಡು, ಅದರೊಳಗೆ ಒಂದು ಗ್ರೈಂಡಿಂಗ್ ಮೆಷಿನ್ನು. ಕಬ್ಬಿಣದ ಧೂಳು ಕುಡಿದು ಕುಡಿದು ಕೆಮ್ಮು ಕಾಯಂ ಆಗಿತ್ತು. ಇಂಥವರು ಒಂದು ಕಾಲಕ್ಕೆ ಇಂಗ್ಲಿಷ್ ರಾಕ್ ಬ್ಯಾಂಡಿನಲ್ಲಿ ಗಿಟಾರ್ ಬಾರಿಸುತ್ತಿದ್ದರೆಂದರೆ ಪಕ್ಕದ ಶೆಡ್ಡಿನವರು ನಕ್ಕುಬಿಡುತ್ತಿದ್ದರು.

ಬಾರಿಸಿದ್ದು ನಿಜ. ಅರವತ್ತರ ದಶಕದ ಕೊನೆಯಲ್ಲಿ ಕಾರ್ಖಾನೆಯ ಅಪ್ರೆಂಟಿಸ್ ಹುಡುಗರು ನಾಲ್ವರು ಸೇರಿ ಕಟ್ಟಿದ ಬ್ಯಾಂಡು. ಹಲಗೆ ಕೊಯ್ದು ಗಿಟಾರನ್ನು ತಾವೇ ಮಾಡಿಕೊಂಡರು. ಹಳೇ ರೇಡಿಯೋವೇ ಆಂಪ್ಲಿಫೈಯರ್. ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿದರೆ ರಾಕಿಗೆ ಬೇಕಾದ ಒರಟು ದನಿ ಬಂದು, ತಂತಿ ಕಣಜದ ಹುಳದಂತೆ ಗುಂಯ್‌ಗುಡುತ್ತಿತ್ತು. ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ನಾಲ್ಕಾರು ಸಲ ನುಡಿಸಿದರು. ಆಮೇಲೆ ನೌಕರಿ, ಮದುವೆ. ಇಬ್ಬರು ತೀರಿಕೊಂಡರು, ಹಾಡುತ್ತಿದ್ದವನು ಎಲ್ಲಿ ಹೋದನೋ. ಮಿಕ್ಕಿದ್ದು ಅವರದೇ ಒಂದು ಹಾಡನ್ನು ರೆಕಾರ್ಡ್ ಮಾಡಿದ್ದ ಟೇಪಿನ ಸುರುಳಿ.

ಅಂಥ ಮರೆತುಹೋದ ಹಾಡುಗಳನ್ನು ಹುಡುಕಿ ಸಿ.ಡಿ. ಮಾಡುವವರೂ ಇದ್ದಾರೆಂದು ಗೊತ್ತಾದದ್ದು ಎರಡು ಸಾವಿರದ ಒಂಬತ್ತರಲ್ಲಿ. ಲಂಡನ್ನಿನಿಂದ ಒಬ್ಬ ಫೋನ್ ಮಾಡಿ, ಹಬ್ಬ ಕಳೆದ ಮೇಲೆ ಬರುತ್ತೇನೆ, ಟೇಪು ಜೋಪಾನ ಎಂದ.

ಹಬ್ಬವೆಂದರೆ ಆಯುಧಪೂಜೆ. ಸೊಸೆ ದೀಪಶ್ರೀ ಕಂಕುಳಲ್ಲಿ ಕೂಸನ್ನಿಟ್ಟುಕೊಂಡೇ ಮೆಷಿನ್ನಿಗೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಸ್ಪ್ಯಾನರುಗಳನ್ನು ಅದರ ಮೇಜಿನ ಮೇಲೆ ಜೋಡಿಸಿದಳು. ಗಿಟಾರ್ ಎಂದೋ ಮುರಿದುಹೋಗಿತ್ತು. ಮಾವನ ಆ ವಿದ್ಯೆಗೂ ಒಂದು ಹೂವಿರಲೆಂದು ಟೇಪನ್ನೂ ನಡುವೆ ಇಟ್ಟಳು. ಶೇಖರಪ್ಪ ನೋಡಿದರು. ವಿಭೂತಿಯ ಪುಡಿ ಬಿದ್ದೀತು ಎನಿಸಿದರೂ ತೆಗೆಯಮ್ಮ ಎನ್ನಲು ಮನಸ್ಸು ಬರಲಿಲ್ಲ.

ಮಂಗಳಾರತಿಯಾದ ಮೇಲೆ ಮೆಷಿನ್ನನ್ನು ಒಮ್ಮೆ ಚಾಲೂ ಮಾಡುವುದು ಪದ್ಧತಿ. ಉಕ್ಕಿನ ತುಂಡು ಅಲುಗದಂತೆ ಹಿಡಿಯಲು ಆ ಮೇಜಿನೊಳಗೇ ದೊಡ್ಡ ವಿದ್ಯುತ್ ಅಯಸ್ಕಾಂತವಿದೆ. ಮೊದಲು ಅದರ ಸ್ವಿಚ್ಚು, ಆಮೇಲೆ ಮೋಟರು. ಕೈ ತಾನಾಗಿಯೇ ಹೋಯಿತು. ಸ್ಪ್ಯಾನರುಗಳು ಟಕ್ಕೆಂದು ಕಚ್ಚಿಕೊಂಡವು. ಟೇಪಿನಲ್ಲಿ ದನಿ ಉಳಿಯುವುದೂ ಅಯಸ್ಕಾಂತದ ಗುಣದಿಂದಲೇ, ದೊಡ್ಡ ಅಯಸ್ಕಾಂತ ತಾಗಿದರೆ ಅದು ಅಳಿಸಿಹೋಗುತ್ತದೆ ಎಂಬುದು ಆಗ ನೆನಪಾಯಿತು.

ಎಸ್.ಪಿ. ರೋಡಿನ ರೇಡಿಯೋ ರಿಪೇರಿಯವನು ಟೇಪನ್ನು ಹಾಕಿ ನೋಡಿದ. ಬರೀ ಸೊಂಯ್ ಎನ್ನುವ ಸದ್ದು.

ದೀಪಶ್ರೀ ಅತ್ತಳು, ಇಟ್ಟವಳು ನಾನೇ ಎಂದಳು.

“ಒತ್ತಿದ್ದು ನಾನು ಕಣಮ್ಮ. ಮಗು ಹಸ್ಕೊಂಡದೆ, ನೋಡ್ಹೋಗು.”

ಅವಳು ಮಗುವಿಗೆ ಹಾಲು ಕೊಟ್ಟು ಮಲಗಿಸಿ, ಮೊಬೈಲ್ ಹಿಡಿದು ಬಂದು ಕೂತಳು. “ನೆನಪಿದ್ದಷ್ಟು ಹಾಡಿ ಮಾವ. ಅದನ್ನೇ ಕಳಿಸೋಣ.”

ಅವರು ಗಿಟಾರಿನ ಪಾಲನ್ನು ಬಾಯಲ್ಲೇ ನುಡಿಸಿದರು. ಕೆಮ್ಮು ಬಂತು, ನಿಂತರು, ಮತ್ತೆ ಹಿಡಿದರು. ಹಾಡುವವನು ಶುರುಮಾಡಬೇಕಾದ ಜಾಗ ಬಂದಾಗ ನಿಲ್ಲಿಸಿಬಿಟ್ಟರು.

“ಇಲ್ಲಿಂದ ಹಾಡಿನ ಮಾತು ಅವನ್ದು. ನಂಗೊತ್ತಿಲ್ಲ,” ಎಂದರು. “ಬರೋದ್ ಬೇಡ ಅಂತ ಹೇಳ್ಬಿಡಮ್ಮ ಆ ಲಂಡನ್ನಿನೋರ್ಗೆ.”