ಅಟ್ಟದ ನಡುವಿನ ಕಾಯಿ

ಹೆಂಡತಿಗೆ ಬಡ್ತಿ ಸಿಕ್ಕಿ, ಹೈಸ್ಕೂಲಿನ ಇಂಗ್ಲಿಷ್ ಟೀಚರಾಗಿ ಯಾದಗಿರಿ ಕಡೆಗೆ ಹೋದ ಮೇಲೆ ಗೊತ್ತಾಯಿತು, ಫೋನಿನಲ್ಲಿ ನಮ್ಮಿಬ್ಬರಿಗೆ ಆಡಲು ಮಾತೇ ಇಲ್ಲ. ಊಟ ಆಯಿತೇ, ಬೋರಿನಲ್ಲಿ ನೀರು ಬರುತ್ತಿದೆಯೇ, ಅಷ್ಟಕ್ಕೆ ಮುಗಿಯುತ್ತಿತ್ತು. ಹೊನ್ನವಳ್ಳಿಯ ಮನೆಯ ಜಗಲಿಯಲ್ಲಿ ಎಷ್ಟು ಹೊತ್ತು ಸುಮ್ಮನೆ ಕೂತಿದ್ದರೂ ನಡೆಯುತ್ತಿತ್ತು. ಫೋನಿನಲ್ಲಿ ಸುಮ್ಮನಿದ್ದರೆ ನೆಟ್‌ವರ್ಕ್ ಹೋಯಿತೆಂದು ಇಟ್ಟುಬಿಡುತ್ತಾಳೆ.

ಅದಕ್ಕೇ ಒಂದು ಸಂಜೆ, ನನಗೂ ಇಂಗ್ಲಿಷ್ ಹೇಳಿಕೊಡು ಎಂದೆ. ಐವತ್ತು ದಾಟಿದ ತೋಟದವನಿಗೆ ಇಂಗ್ಲಿಷ್ ಯಾಕೆಂದು ಕೇಳಿದರೆ ಏನು ಹೇಳಬೇಕೆಂದು ಯೋಚಿಸಿ ನಿದ್ದೆ ಕೆಡಿಸಿಕೊಂಡಿದ್ದೆ. ಅವಳು ಕೇಳಲೇ ಇಲ್ಲ.

ಈಚೆಗೆ ಬಂದ ಪಾಠ, ಎಷ್ಟು ಎಂದು ಹೇಳುವ ಪದಗಳದ್ದು. ವೆರಿ, ಟೂ, ಆಲ್ಮೋಸ್ಟ್ ಇವೆಲ್ಲ ಗುಣ ಹೇಳುವ ಪದದ ಮುಂದೆ ನಿಲ್ಲುತ್ತವಂತೆ. ಎನಫ್ ಮಾತ್ರ ಹಿಂದೆ. ವೆರಿ ಮಚ್ ವಾಕ್ಯದ ತುದಿಗೆ ಹೋಗಿ ಕೂರುತ್ತದಂತೆ. ಐ ಮಿಸ್ ಯೂ ವೆರಿ ಮಚ್ ಎಂಬುದನ್ನು ಕೊಟ್ಟಿಗೆಯಲ್ಲಿ ಎಮ್ಮೆಯ ಎದುರು ಹೇಳಿ ನೋಡಿದೆ. ಕನ್ನಡದಲ್ಲಿ ಇಷ್ಟು ವರ್ಷ ಹೇಳದ ಮಾತು. ಎಮ್ಮೆ ಮೆಲುಕು ನಿಲ್ಲಿಸಿ ನೋಡಿತು. ಅವಳ ಮುಂದೆ ಹೇಳುವಾಗ ವೆರಿ ಮಚ್ ಜಾಗ ತಪ್ಪಿದರೆ ಏನು ಗತಿ ಎಂಬ ಚಿಂತೆ ಬೇರೆ.

ಹೋಗುವಾಗ ಅವಳು ಹೇಳಿ ಹೋಗಿದ್ದಳು, ರಜೆ ಕಮ್ಮಿ, ಕೊಬ್ಬರಿ ಸುಲಿಸುವ ಹೊತ್ತಿಗೆ ಬರುತ್ತೇನೆ ಎಂದು. ನಮ್ಮಲ್ಲಿ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಆಮೇಲೇ ಸುಲಿಸುವುದು. ಅವಳೂ ಕೊಬ್ಬರಿ ಮನೆಯಲ್ಲೇ ಹುಟ್ಟಿದವಳು.

ಮೊನ್ನೆ ಸಂಜೆ ಪಾಠಕ್ಕೆ ಕೂತಾಗ, ನಮ್ಮ ಕೊಬ್ಬರಿ ಡ್ರೈ ಎನಫ್ ಎಂದೆ. ಎನಫ್ ಸರಿಯಾದ ಜಾಗದಲ್ಲಿದೆ ಎಂದು ಮೆಚ್ಚಿ, ಎಲ್ಲಿ, ಅಲ್ಲಾಡಿಸಿ ನೋಡೋಣ ಎಂದಳು. ಫೋನು ಜೇಬಿಗೆ ಹಾಕಿ, ಮಂಡಿನೋವನ್ನೂ ಬೀಳುವ ಭಯವನ್ನೂ ಜೊತೆಗೆ ಕರೆದುಕೊಂಡು ಏಣಿ ಹತ್ತಿದೆ. ಒಂದು ಕಾಯಿ ಆರಿಸಿ ಫೋನಿನ ಹತ್ತಿರ ಅಲ್ಲಾಡಿಸಿದೆ. ಲೊಡಲೊಡ ಎಂದಿತು.

“ಒಲೆ ಮೇಲ್ಗಡೆ ಮೂಲೇದು ತಾನೆ?” ಎಂದಳು. “ಹೊಗೆ ಕುಡ್ದು ಅದ್ಯಾವಾಗ್ಲೂ ಮೊದ್ಲೇ ಒಣಗ್ತದೆ. ನಡುಮಧ್ಯದ್ದು ತಗೊಳ್ರಿ.”

ನಡುವಿನದನ್ನು ತೆಗೆದುಕೊಂಡೆ. ಮೆಲ್ಲಗೆ ಅಲ್ಲಾಡಿಸಿದರೆ ಲೊಡಲೊಡ ಇಲ್ಲದ್ದು ಅವಳಿಗೆ ಗೊತ್ತಾಗದೆ ಹೋದೀತು ಎಂಬ ಆಸೆ.

“ಇನ್ನೂ ಅಂಟ್ಕೊಂಡೈತೆ ಕಣ್ರೀ.”

“ಒಂಚೂರು ಕಣೇ. ಆಲ್ಮೋಸ್ಟ್ ಡ್ರೈ.”

ಅವಳು ನಗಲಿಲ್ಲ. ಈಗ ಬಂದರೆ ರಜೆ ಮುಗಿದುಹೋಗುತ್ತದೆ, ಸುಲಿಸುವಾಗ ಇರಲಾಗುವುದಿಲ್ಲ ಎಂದಳು. ಸರಿ ಎಂದೆ. ಕೊಟ್ಟಿಗೆಯಲ್ಲಿ ಕಲಿತ ವಾಕ್ಯ ನಾಲಿಗೆಯ ತುದಿವರೆಗೆ ಬಂದು ಕೂತಿತು. ಇಬ್ಬರೂ ಸುಮ್ಮನಾದೆವು. ಇನ್ನೇನು ಫೋನು ಇಡುತ್ತಾಳೆ ಎಂದುಕೊಂಡೆ. ಇಡಲಿಲ್ಲ.

“ರೀ,” ಎಂದಳು. “ಆ ಮೂಲೇದು ಇನ್ನೊಂದ್ಸಲ ಅಲ್ಲಾಡ್ಸಿ.”

ಅಟ್ಟದ ಕತ್ತಲಲ್ಲಿ ತಡಕಿ, ಒಲೆ ಮೇಲಿನ ಕಾಯಿಯನ್ನೇ ಮತ್ತೆ ಎತ್ತಿಕೊಂಡೆ. ಸಾಕು ಎನ್ನುವವರೆಗೂ ಅಲ್ಲಾಡಿಸೋಣ ಎಂದುಕೊಂಡೆ. ಅವಳು ಬಹಳ ಹೊತ್ತು ಸಾಕು ಎನ್ನಲಿಲ್ಲ.