ಮೊಮ್ಮಗಳು ಎಡಕ್ಕೆ ತಿರುಗಿದಳು

ಇವತ್ತು ಬೆಳಿಗ್ಗೆ ನನ್ನ ಮೊಮ್ಮಗಳು ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲು ದಾಟಿದವಳೇ ಎಡಕ್ಕೆ ತಿರುಗಿಬಿಟ್ಟಳು. ಬಸ್ಸು ನಿಲ್ಲುವುದು ಬಲಕ್ಕೆ. ನಮ್ಮ ಬಾಗಿಲಲ್ಲಿ ನಿಂತು ಕೂಗಿದರೆ ಕಂಡಕ್ಟರನಿಗೆ ಕೇಳಿಸುವಷ್ಟು ಹತ್ತಿರ. ಆದರೂ ಕೂಸು ಮುಂದಿನ ಕ್ರಾಸಿನ ದಾರಿ ಹಿಡಿದು ಹೊರಟಿತು. ನನಗೆ ನಗು ಬಂತು. ಅವಳಪ್ಪ, ನನ್ನ ಮಗ ಶಿವಪ್ಪ ಮಾತ್ರ ನಗದೆ, ಬಲಕ್ಕೆ ನೋಡುತ್ತ ನಿಂತ. ಯಾಕೆಂದು ನಿಮಗೆ ಹೇಳದಿದ್ದರೆ ಮಧ್ಯಾಹ್ನದ ರೊಟ್ಟಿ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ನಾನು ಓದಿದ್ದು ಅಷ್ಟಕ್ಕಷ್ಟೇ. ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬಸ್ಸೇ ಹೋಗಿರುತ್ತದೆ. ಆದರೆ ಮೊಮ್ಮಗಳ ಸುದ್ದಿ ಬರೆಯಲು ಕೂತರೆ ಕೈ ನಿಲ್ಲುವುದಿಲ್ಲ. ಅವಳ ಮುರುಕು ಹಲ್ಲು, ಅವಳ ಸಿಟ್ಟು, ಹೀರೇಕಾಯಿ ಪಲ್ಯ ಕಂಡರೆ ಮೂಗು ಮುರಿಯುವ ಚೆಂದ... ಇರಲಿ, ಎಲ್ಲಿಗೋ ಹೊರಟೆ. ಎಡಕ್ಕೇ ಬರೋಣ.

ಆಗ ಅವಳಿನ್ನೂ ಹುಟ್ಟಿರಲಿಲ್ಲ. ಬಸುರಿ ಸೊಸೆ ಗಂಗವ್ವ ತವರಿಗೆ ಹೋಗುವಾಗಲೇ ಹೇಳಿದ್ದಳು, ಗಂಡ ಕುಡಿಯುವುದು ಬಿಟ್ಟರೆ ಕೂಸಿನೊಂದಿಗೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು. ಶಿವಪ್ಪ ಟ್ರ್ಯಾಕ್ಟರ್ ಓಡಿಸುವವ. ಹಗಲು ಟ್ರ್ಯಾಕ್ಟರ್ ನೆಟ್ಟಗೆ ಹೋಗುತ್ತಿತ್ತು, ಸಂಜೆ ಅವನು ಸೊಟ್ಟಗೆ ಬರುತ್ತಿದ್ದ. ಒಂದು ಸಂಜೆ ಹಾಗೆ ಬರುವಾಗ ಗಟಾರಕ್ಕೆ ಬಿದ್ದು ತಲೆ ಒಡೆದುಕೊಂಡ. ಅವನನ್ನು ಟಂಟಂ ಗಾಡಿಯಲ್ಲಿ ಹಾಕಿಕೊಂಡು ದೊಡ್ಡ ದವಾಖಾನೆಯ ತುರ್ತು ವಾರ್ಡಿಗೆ ಒಯ್ದೆವು.

ದಾರಿಯಲ್ಲೇ ಮಾತಾಯಿತು, ಎತ್ತು ಹಾಯಿತು ಎನ್ನೋಣ ಎಂದು. ನಮ್ಮ ಕಡೆ ಕುಡಿದು ಬಿದ್ದವರನ್ನೆಲ್ಲ ಎತ್ತೇ ಹಾಯ್ದಿರುತ್ತದೆ. ಎತ್ತು ಮಾರಿ ಟ್ರ್ಯಾಕ್ಟರ್ ತಂದವರನ್ನೂ ಆ ಎತ್ತು ಬಿಡುವುದಿಲ್ಲ.

ವಾರ್ಡಿನ ಡಾಕ್ಟರಬಾಯಿ ಇನ್ನೂ ಸಣ್ಣ ವಯಸ್ಸಿನವಳು. ಹೊಲಿಗೆ ಹಾಕುತ್ತಲೇ ಎತ್ತಿನ ಬಣ್ಣ ಕೇಳಿದಳು. ನಾನು ಬಿಳಿ ಎಂದೆ. ಅದೇ ಹೊತ್ತಿಗೆ ಬಾಜು ಮನೆಯ ಖಾಜಾಬಿ ಕೆಂಪು ಎಂದಳು. ಟಂಟಂ ಹೊಡೆಯುವವ ಎರಡೂ ಹೌದು ಎಂದ.

"ಹಾಯ್ದದ್ದು ಎತ್ತು, ಒಪ್ಪಿದೆ. ಕುಡದದ್ದು ಯಾರ್ರಿ, ಎತ್ತೋ ಇವರೋ?"

ನಾವು ನೆಲ ನೋಡಿದೆವು.

"ಬಯ್ಯಾಕ ಕೇಳಾಕತ್ತಿಲ್ರಿ ಅವ್ವಾರ. ದಿನಾ ಕುಡಿಯೋ ಮೈ ಒಮ್ಮಿಗೇ ಬಿಟ್ರ ನಡಗತೈತಿ, ಫಿಟ್ಸ್ ಬರತಾವು. ಖರೇ ಹೇಳಿದ್ರ ಸರಿಯಾದ ಔಷಧ ಕೊಡ್ತೀನಿ."

ಖರೆ ಹೇಳಿದೆ. ಆಮೇಲೆ ಅವಳು ಕೇಳಿದ್ದೇ ಕೇಳಿದ್ದು. ಮನೆಯಲ್ಲಿ ಯಾರಿದ್ದಾರೆ, ಹೆಂಡತಿ ಎಲ್ಲಿ, ಉಣ್ಣುವುದು ಎಷ್ಟು ಹೊತ್ತಿಗೆ, ವಾರವಾರ ತೋರಿಸಲು ಹೇಗೆ ಬರುತ್ತೀರಿ. ಒಡೆದದ್ದು ತಲೆ, ಇವಳು ಸಂಬಂಧ ನೋಡಲು ಬಂದವರ ಹಾಗೆ ಕೇಳುತ್ತಾಳಲ್ಲ ಎಂದು ನನಗೆ ಸೋಜಿಗ. ಬಸ್ಸಿನ ಮಾತು ಬಂದಾಗ, ಅಲ್ಲಿವರೆಗೆ ಉಸಿರೆತ್ತದ ಶಿವಪ್ಪ ಬಾಯಿ ಬಿಟ್ಟ.

"ಬಸ್ ನಿಂದರೂದು ಬ್ರಾಂದಿ ಅಂಗಡಿ ಮುಂದರಿ. ಬಸ್ ತಡಾ ಆದ್ರ ನಾ ಒಳಗ ಹೋಗ್ತೀನ್ರಿ."

ಹೆತ್ತ ನನಗೂ ಹೇಳಿರದ ಮಾತು ಅದು.

ಡಾಕ್ಟರಬಾಯಿ ನಗಲಿಲ್ಲ. "ಹಂಗಾರ ಅಲ್ಲಿ ನಿಂದರಬ್ಯಾಡ್ರಿ. ಮುಂದಿನ ಸ್ಟಾಪಿಗೆ ನಡಕೋತ ಹೋಗಿ ಹತ್ರಿ. ಅವ್ವಾರ, ನೀವೂ ಜೋಡಿ ಹೋಗ್ರಿ" ಎಂದಳು.

ನಡುಕ ಇಳಿಯುವ ತನಕ ಅವನನ್ನು ಅಲ್ಲೇ ಇಟ್ಟುಕೊಂಡರು. ಆಮೇಲೆ ಪ್ರತಿ ಮಂಗಳವಾರ ಕ್ರಾಸಿನ ಸ್ಟಾಪಿಗೆ ನಮ್ಮ ನಡಿಗೆ. ಎರೆಮಣ್ಣಿನ ದಾರಿ, ಮಳೆಗಾಲ. ಕೆಸರು ಚಪ್ಪಲಿಯನ್ನು ಜಗ್ಗಿಟ್ಟುಕೊಳ್ಳುತ್ತದೆಂದು ಕೈಯಲ್ಲಿ ಹಿಡಿದೇ ಹೋಗುತ್ತಿದ್ದೆವು. ತಲೆ ಮೇಲೆ ರೊಟ್ಟಿ ಬುತ್ತಿ. ಈಗ ನೀವೇ ಹೇಳಿ, ಮಂಗಳವಾರ, ಬರಿಗಾಲು, ಮುಂದೆ ತಾಯಿ, ಹಿಂದೆ ತಲೆ ತಗ್ಗಿಸಿದ ಮಗ. ಇದು ಹರಕೆಯೇ ಎಂದು ಊರು ತೀರ್ಮಾನ ಮಾಡಿತು. ಯಾವ ದೇವರಿಗೆ ಎಂದು ಮಾತ್ರ ಯಾರೂ ಕೇಳಲಿಲ್ಲ, ಕೇಳಿದರೆ ಹರಕೆ ಕೆಡುತ್ತದಲ್ಲ. ಒಬ್ಬಾಕೆ ಕಾಯಿ ಕೊಟ್ಟಳು, ಅದನ್ನು ಒಯ್ದು ಸಿಸ್ಟರುಗಳಿಗೆ ಹಂಚಿದೆ. ಎಲ್ಲ ಗೊತ್ತಿದ್ದ ಖಾಜಾಬಿ ಕೂಡ, ಹೆಂಗೂ ಹೊಂಟೀದಿ, ನನ್ನ ಮೊಣಕಾಲಿಂದೂ ಒಂದು ಮಾತು ಹೇಳು ಎಂದಳು.

ಒಂದು ಸಂಜೆ ಮಗ ಮನೆಯಲ್ಲಿ ಕಾಣಲಿಲ್ಲ. ಬ್ರಾಂದಿ ಅಂಗಡಿಗೆ ಓಡಿದೆ. ಅಂಗಡಿಯ ರುದ್ರಪ್ಪ ಇವನನ್ನು ಹೊರಗೆ ದಬ್ಬುತ್ತಿದ್ದ.

"ಹರಕಿ ಹೊತ್ತಾಂವಗ ಹಾಕಿಕೊಟ್ಟು ಪಾಪ ಕಟಗೊಳ್ಳಾಕ ನಾ ತಯಾರಿಲ್ಲೋ ಮಾರಾಯ. ನನಗೂ ಮಕ್ಕಳದಾವು. ನಡಿ ಮನಿಗೆ."

ಶಿವಪ್ಪ ಸುಟ್ಟ ರೊಟ್ಟಿಯಂಥ ಮುಖ ಮಾಡಿಕೊಂಡು ನನ್ನ ಹಿಂದೆ ಬಂದ. ಊರಲ್ಲಿ ತನಗೊಂದು ಹನಿ ಸಿಗದ ಹಾಗೆ ಮಾಡಿದೆಯಲ್ಲ ಯವ್ವಾ ಎಂದು ದಾರಿಯುದ್ದಕ್ಕೂ ಗೊಣಗಿದ. ಮುಂದೊಮ್ಮೆ ಬೇರೆ ಊರಿಗೆ ಬಾಡಿಗೆಗೆ ಹೋದಾಗ ಕುಡಿದೇ ಬಂದ, ಸುಳ್ಳೇಕೆ ಹೇಳಲಿ. ಡಾಕ್ಟರಬಾಯಿ ಅದಕ್ಕೂ ಬಯ್ಯಲಿಲ್ಲ. ಆ ಊರಲ್ಲಿ ಉಳಿದದ್ದು ಯಾರ ಜೊತೆ, ಉಂಡದ್ದು ಏನು ಎಂದು ಕೇಳಿ ಮತ್ತೆ ಮೊದಲಿನಿಂದ ಔಷಧ ಶುರು ಮಾಡಿದಳು.

ಕೊನೆಗೆ ಗಂಗವ್ವ ಕೂಸನ್ನೆತ್ತಿಕೊಂಡು ಬಂದಳು. ಇಳಿದದ್ದು ಎಲ್ಲಿ ಅಂತೀರಿ? ಕ್ರಾಸಿನಲ್ಲಿ. ಅಲ್ಲಿಂದ ನಡೆಯುತ್ತ ಬಂದಳು. ಅವತ್ತಿನಿಂದ ನಮ್ಮ ಮನೆಯವರು ಯಾವ ಊರಿಗೆ ಹೊರಟರೂ ಮೊದಲು ಎಡಕ್ಕೆ. ಬಸ್ಸು ಮನೆ ಹತ್ತಿರವೇ ನಿಲ್ಲುತ್ತದೆಂಬುದು ಮೊಮ್ಮಗಳಿಗೆ ಗೊತ್ತೇ ಇಲ್ಲ.

ಇವತ್ತು ಅವಳಿಗೆ ಶಾಲೆಯ ಪಾಟಿಚೀಲ ತರುವ ದಿನ. ಶಿವಪ್ಪ ಅವಳನ್ನು ಕರೆದು, "ಇಲ್ಲೇ ಹತ್ತೂಣು ಬಾರವ್ವಾ" ಎಂದ. ಗಂಗವ್ವ ನನ್ನನ್ನು ನೋಡಿದಳು, ನಾನು ಗಂಗವ್ವನನ್ನು. ನಾನೂ ಬಸ್ಸು ಹತ್ತಿಸುವ ನೆಪದಲ್ಲಿ ಹಿಂದೆ ಹೋದೆ.

ಬಸ್ಸು ತಡ. ರುದ್ರಪ್ಪ ಶಟರ್ ಎತ್ತಿ ಹೊರಗೆ ಬಂದ. ಶಿವಪ್ಪನನ್ನು ಕಂಡು ಅವನಿಗೆ ಅಚ್ಚರಿ.

"ಏನೋ ಶಿವಪ್ಪಾ, ಹರಕಿ ಮುಗೀತೇನು?"

ಶಿವಪ್ಪ ಒಂದು ಗಳಿಗೆ ಅಂಗಡಿಯ ಒಳಗೆ ನೋಡಿದ. ಆಮೇಲೆ ಬಗ್ಗಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡ.

"ಇಲ್ಲೋ ಯಣ್ಣಾ. ನಡದೈತಿ."

ಬಸ್ಸು ಬಂತು, ಗಂಡ, ಹೆಂಡತಿ, ಕೂಸು ಮೂವರೂ ಹತ್ತಿದರು. ಮೊಮ್ಮಗಳು ಕಿಟಕಿಯಿಂದ ಕೈ ಬೀಸಿದಳು. ನಾನೂ ಬೀಸಬೇಕೆಂದು ಕೈ ಎತ್ತಿದೆ. ಮನೆ ಮುಂದಿನ ಒಣ ಡಾಂಬರು ರಸ್ತೆಯಲ್ಲಿ ನಾನು ಬರಿಗಾಲಲ್ಲಿ ನಿಂತಿದ್ದೆ. ಚಪ್ಪಲಿ ಎರಡೂ ಆ ಕೈಯಲ್ಲಿದ್ದವು.